ಇಂಗ್ಲಿಷ್ ಪರೀಕ್ಷೆಯಲ್ಲಿ ಕರ್ತೃ–ಕ್ರಿಯಾಪದ ಹೊಂದಾಣಿಕೆ: ದೋಷ ಹಿಡಿಯುವ ಕ್ರಮ

"ದಿ ಪ್ರೈಸ್ ಆಫ್ ಟೊಮ್ಯಾಟೋಸ್ ಹ್ಯಾವ್ ಗಾನ್ ಅಪ್." ಈ ವಾಕ್ಯದಲ್ಲಿ ತಪ್ಪೇನಿದೆ ಎಂದು ಕೇಳಿದರೆ ಪರೀಕ್ಷೆಗೆ ಓದುತ್ತಿರುವ ಹಲವರು ಎರಡು ಸಲ, ಮೂರು ಸಲ ಓದಿ, ಕೊನೆಗೆ "ದೋಷವಿಲ್ಲ" ಎಂಬ ಆಯ್ಕೆಗೆ ಗುರುತು ಹಾಕುತ್ತಾರೆ. ಅದೇ ಜನರ ಮುಂದೆ "ಟೊಮೆಟೊಗಳ ಬೆಲೆ ಏರಿವೆ" ಎಂದು ಬರೆದಿಟ್ಟರೆ ಕ್ಷಣದಲ್ಲಿ ತಿದ್ದುತ್ತಾರೆ: ಏರಿರುವುದು ಬೆಲೆ, ಟೊಮೆಟೊ ಅಲ್ಲ, ಆದ್ದರಿಂದ "ಏರಿದೆ". ಕನ್ನಡದಲ್ಲಿ ಕಣ್ಣು ಮುಚ್ಚಿ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ಮಾಡಲು ಏಕೆ ತಡವರಿಸುತ್ತೇವೆ ಎಂಬುದನ್ನು ಅರಿತುಕೊಂಡರೆ ಈ ಅಧ್ಯಾಯದ ಅರ್ಧ ಭಾಗ ಮುಗಿದಂತೆ.

ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗಳ ಸಾಮಾನ್ಯ ಇಂಗ್ಲಿಷ್ ಪತ್ರಿಕೆ, ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ), ಬ್ಯಾಂಕ್ ಪರೀಕ್ಷೆಗಳು ಎಲ್ಲವೂ ಈ ವಿಷಯವನ್ನು ಮೂರು ವೇಷದಲ್ಲಿ ಕೇಳುತ್ತವೆ. ಒಂದು, ವಾಕ್ಯವನ್ನು ನಾಲ್ಕು ತುಂಡು ಮಾಡಿ ದೋಷ ಯಾವ ತುಂಡಿನಲ್ಲಿದೆ ಎನ್ನುವುದು. ಎರಡು, ಬಿಟ್ಟ ಸ್ಥಳ. ಮೂರು, ಅಡಿಗೆರೆ ಎಳೆದ ಭಾಗಕ್ಕೆ ಬದಲಾಗಿ ಸರಿಯಾದುದನ್ನು ಆರಿಸುವುದು. ವೇಷ ಯಾವುದಾದರೂ ಹುಡುಕುವ ಕ್ರಮ ಒಂದೇ. ಉದಾಹರಣೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡರೆ ಅಭ್ಯಾಸವೂ ಆಗುತ್ತದೆ.

ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ಬಂದೆನು, ಬಂದೆವು, ಬಂದೆ, ಬಂದಿರಿ, ಬಂದನು, ಬಂದಳು, ಬಂದಿತು, ಬಂದರು, ಬಂದವು. ಕನ್ನಡದ ಈ ಒಂಬತ್ತು ರೂಪಗಳಿಗೂ ಇಂಗ್ಲಿಷಿನಲ್ಲಿ ಇರುವುದು "ಕೇಮ್" ಒಂದೇ. ಹಳೆಯ ಇಂಗ್ಲಿಷಿನಲ್ಲಿ ಕ್ರಿಯಾಪದಗಳಿಗೆ ಇನ್ನಷ್ಟು ಪ್ರತ್ಯಯಗಳಿದ್ದವು. ಅವು ಸವೆದು ಸವೆದು ಈಗ ವರ್ತಮಾನ ಕಾಲದ ಒಂದು "ಎಸ್" ಮತ್ತು "ಬಿ" ಧಾತುವಿನ ಕೆಲವು ರೂಪಗಳಷ್ಟೇ ಉಳಿದಿವೆ. ಹೀಗಿರುವಾಗ ಕರ್ತೃವಿಗೆ ತಕ್ಕಂತೆ ಕ್ರಿಯಾಪದ ಬದಲಿಸುವುದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ನಾವು ಎಡವುವುದು ಎರಡು ಭಾಷೆಗಳ ದಾರಿ ಬೇರೆಯಾಗುವ ನಾಲ್ಕು ಕಡೆ.

ಮೊದಲನೆಯದು ಗೌರವ ಬಹುವಚನ. "ತಂದೆಯವರು ಬಂದಿದ್ದಾರೆ" ಎನ್ನುವ ಅಭ್ಯಾಸದಿಂದ "ಮೈ ಫಾದರ್ ಹ್ಯಾವ್ ಕಮ್" ಬಾಯಿಗೆ ಬರುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಈ ಮರ್ಯಾದೆ ತಿಳಿಯದು. ರಾಷ್ಟ್ರಪತಿಗೂ "ಹ್ಯಾಸ್", ಜವಾನನಿಗೂ "ಹ್ಯಾಸ್".

ಎರಡನೆಯದು "ಇಲ್ಲ". ನಾನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ: ನಿಷೇಧದಲ್ಲಿ ಕನ್ನಡದ ಕ್ರಿಯಾಪದ ಕರ್ತೃವಿನ ಮುಖವನ್ನೇ ನೋಡುವುದಿಲ್ಲ. ಇಂಗ್ಲಿಷಿನಲ್ಲಿ ನಿಷೇಧಕ್ಕೂ ಹೊಂದಾಣಿಕೆ ಬೇಕು. "ಹಿ ಡೋಂಟ್ ನೋ" ಎಂಬ ತಪ್ಪಿನ ಬೇರು ಇಲ್ಲಿದೆ. ಸರಿಯಾದುದು "ಹಿ ಡಸಂಟ್ ನೋ".

ಮೂರನೆಯದು ನಪುಂಸಕ ಬಹುವಚನ. "ಮೇಜಿನ ಮೇಲೆ ನಾಲ್ಕು ಪುಸ್ತಕ ಇದೆ" ಎಂದು ಮಾತಿನಲ್ಲಿ ಹೇಳಿಬಿಡುತ್ತೇವೆ, ಯಾರೂ ಆಕ್ಷೇಪಿಸುವುದಿಲ್ಲ. "ದೇರ್ ಇಸ್ ಫೋರ್ ಬುಕ್ಸ್" ಎಂದರೆ ಅಂಕ ಹೋಗುತ್ತದೆ.

ನಾಲ್ಕನೆಯದು "ಪ್ರತಿಯೊಬ್ಬರೂ ಬಂದಿದ್ದಾರೆ", "ಎಲ್ಲರೂ ಬಂದಿದ್ದಾರೆ". ಎರಡೂ ನಮಗೆ ಬಹುವಚನ. ಇಂಗ್ಲಿಷಿನ "ಎವ್ರಿಒನ್" ಮಾತ್ರ ಹಟ ಹಿಡಿದ ಏಕವಚನ: "ಎವ್ರಿಒನ್ ಹ್ಯಾಸ್ ಕಮ್".

ಹೆಜ್ಜೆ 1: ಮೊದಲು ಕ್ರಿಯಾಪದಕ್ಕೆ ಹೋಗಿ

ಎಡದಿಂದ ಓದುತ್ತ ಕರ್ತೃವನ್ನು ಹುಡುಕಬೇಡಿ. ನೇರವಾಗಿ ಕ್ರಿಯಾಪದದ ಮೇಲೆ ಬೆರಳಿಡಿ. ಹೊಂದಾಣಿಕೆಯ ದೋಷ ಅಡಗಿರಲು ಸಾಧ್ಯವಿರುವ ಜಾಗಗಳು ಇವಿಷ್ಟೇ: ಇಸ್–ಆ್ಯಮ್–ಆರ್, ವಾಸ್–ವರ್, ಹ್ಯಾಸ್–ಹ್ಯಾವ್, ಡಸ್–ಡೂ, ಮತ್ತು ಸಾಮಾನ್ಯ ವರ್ತಮಾನದಲ್ಲಿ "ಎಸ್" ಇರುವ, ಇಲ್ಲದ ರೂಪಗಳು. ವಾಕ್ಯದಲ್ಲಿ ಕ್ಯಾನ್, ವಿಲ್, ಶುಡ್, ಮಸ್ಟ್ ಇದ್ದರೆ, ಅಥವಾ ವೆಂಟ್, ಸಾ, ಹ್ಯಾಡ್ ಇದ್ದರೆ ಅವು ಎಲ್ಲ ಕರ್ತೃಗಳಿಗೂ ಒಂದೇ. ಆಗ ಈ ಅಧ್ಯಾಯವನ್ನು ಮರೆತು ಕಾಲ, ಪ್ರಿಪೊಸಿಷನ್, ಆರ್ಟಿಕಲ್ ಕಡೆ ನೋಡಿ. ಎಸ್‌ಎಸ್‌ಸಿಯ ಸಿಜಿಎಲ್ (ಪದವೀಧರ ಮಟ್ಟದ ಪರೀಕ್ಷೆ) ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳು, ಅಂದರೆ ಒಂದಕ್ಕೆ 36 ಸೆಕೆಂಡ್. ತಪ್ಪಿದರೆ ಅರ್ಧ ಅಂಕ ಕಡಿತ. ಎಲ್ಲಿ ಹುಡುಕಬಾರದು ಎಂದು ತಿಳಿದಿರುವುದೂ ಅಷ್ಟೇ ಮುಖ್ಯ.

ಇಲ್ಲಿ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳಿ. ನಾಮಪದಕ್ಕೆ "ಎಸ್" ಸೇರಿದರೆ ಬಹುವಚನ, ಕ್ರಿಯಾಪದಕ್ಕೆ "ಎಸ್" ಸೇರಿದರೆ ಏಕವಚನ. "ದಿ ಬಾಯ್ ಪ್ಲೇಸ್", "ದಿ ಬಾಯ್ಸ್ ಪ್ಲೇ". ಸಾಮಾನ್ಯವಾಗಿ "ಎಸ್" ಒಂದು ಕಡೆ ಮಾತ್ರ ಇರುತ್ತದೆ. "ಐ" ಮತ್ತು "ಯು" ಈ ಲೆಕ್ಕಕ್ಕೆ ಹೊರಗು. "ಚಿಲ್ಡ್ರನ್", "ಮೆನ್" ಮುಂತಾದವು "ಎಸ್" ಇಲ್ಲದೆಯೇ ಬಹುವಚನ.

ಹೆಜ್ಜೆ 2: ವಿಭಕ್ತಿ ಹಚ್ಚಿ ಕರ್ತೃವನ್ನು ಬೇರ್ಪಡಿಸಿ

ಪ್ರಶ್ನೆ ತಯಾರಿಸುವವರ ಮುಖ್ಯ ಕೈಚಳಕ ಇರುವುದು ಇಲ್ಲಿ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಉದ್ದನೆಯ ಪದಗುಚ್ಛ ತುರುಕಿ, ಕ್ರಿಯಾಪದದ ಪಕ್ಕದಲ್ಲಿ ಬೇರೆ ವಚನದ ನಾಮಪದವನ್ನು ಕೂರಿಸುತ್ತಾರೆ. ಕಣ್ಣು ಪಕ್ಕದ ಪದವನ್ನೇ ಕರ್ತೃ ಎಂದುಕೊಳ್ಳುತ್ತದೆ.

ಇದಕ್ಕೆ ಕನ್ನಡಿಗರ ಬಳಿ ಒಳ್ಳೆಯ ಮದ್ದಿದೆ. ಇಂಗ್ಲಿಷ್ ಪದಗುಚ್ಛವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ. ಯಾವ ನಾಮಪದಕ್ಕೆ "ಅ", "ಅಲ್ಲಿ", "ಇಂದ", "ಒಂದಿಗೆ" ಮುಂತಾದ ವಿಭಕ್ತಿ ಅಂಟಿತೋ ಅದು ಕರ್ತೃವಲ್ಲ, ಹೊಡೆದುಹಾಕಿ. ಬರಿಮೈಯಲ್ಲಿ ಉಳಿದ ನಾಮಪದವೇ ಕರ್ತೃ. "ದಿ ಪ್ರೈಸ್ ಆಫ್ ಟೊಮ್ಯಾಟೋಸ್": ಟೊಮೆಟೊಗಳ ಬೆಲೆ. "ಗಳ" ಬಂದಿತು, ಟೊಮೆಟೊ ಹೊರಗೆ ಹೋಯಿತು. "ದಿ ಸ್ಟೂಡೆಂಟ್ಸ್ ಇನ್ ದಟ್ ಹಾಸ್ಟೆಲ್": ಆ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು. ಹಾಸ್ಟೆಲ್ ಹೊರಗೆ, ಕರ್ತೃ ಬಹುವಚನ, "ಆರ್".

ಈ ಉಪಾಯ "ವಿತ್" ಬಳಗಕ್ಕೂ ಸಲ್ಲುತ್ತದೆ: ವಿತ್, ಅಲಾಂಗ್ ವಿತ್, ಟುಗೆದರ್ ವಿತ್, ಆ್ಯಸ್ ವೆಲ್ ಆ್ಯಸ್, ಇನ್ ಅಡಿಷನ್ ಟು, ಬಿಸೈಡ್ಸ್, ಇನ್‌ಕ್ಲೂಡಿಂಗ್, ಅಕಂಪನೀಡ್ ಬೈ, ರಾದರ್ ದ್ಯಾನ್, ಎಕ್ಸೆಪ್ಟ್. "ಮಕ್ಕಳೊಂದಿಗೆ ತಾಯಿ ಬಂದಳು" ಎನ್ನುತ್ತೇವೆಯೇ ಹೊರತು "ಬಂದವು" ಎನ್ನುವುದಿಲ್ಲ. ಹಾಗೆಯೇ "ದಿ ಮದರ್, ಅಲಾಂಗ್ ವಿತ್ ಹರ್ ಚಿಲ್ಡ್ರನ್, ಹ್ಯಾಸ್ ಕಮ್". ಈ ಗುಂಪಿನಲ್ಲಿ ಹೆಚ್ಚು ಮೋಸ ಮಾಡುವುದು "ಆ್ಯಸ್ ವೆಲ್ ಆ್ಯಸ್". ಅದರ ಅರ್ಥ "ಮತ್ತು" ಎಂದು ಶಾಲೆಯಲ್ಲಿ ಉರು ಹೊಡೆದಿರುತ್ತೇವೆ. ವ್ಯಾಕರಣದ ಮಟ್ಟಿಗೆ ಅದು "ಮತ್ತು" ಅಲ್ಲ. "ದಿ ಕ್ಯಾಪ್ಟನ್ ಆ್ಯಸ್ ವೆಲ್ ಆ್ಯಸ್ ದಿ ಪ್ಲೇಯರ್ಸ್ ವಾಸ್ ಟೈರ್ಡ್": ಮೊದಲು ಬಂದ ಕ್ಯಾಪ್ಟನ್ ಮಾತ್ರ ಲೆಕ್ಕಕ್ಕೆ.

ಇನ್ನೊಂದು ಕೈಚಳಕ ಕರ್ತೃವನ್ನು ಕ್ರಿಯಾಪದದ ಹಿಂದಕ್ಕೆ ತಳ್ಳುವುದು. "ದೇರ್", "ಹಿಯರ್" ಎಂದು ಶುರುವಾದರೆ ಕರ್ತೃ ಮುಂದೆ ಇನ್ನೂ ಬರಬೇಕಿದೆ ಎಂದು ತಿಳಿಯಿರಿ: "ಹಿಯರ್ ಕಮ್ ದಿ ಪ್ಲೇಯರ್ಸ್". "ಆನ್ ದಿ ವಾಲ್ ಹ್ಯಾಂಗ್ ಟು ಫೋಟೋಗ್ರಾಫ್ಸ್" ಎಂಬಲ್ಲಿ ತೂಗುತ್ತಿರುವುದು ಗೋಡೆಯಲ್ಲ, ಫೋಟೋಗಳು. ಬೋಳು ನಾಮಪದದ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ. "ಗೋಡೆಯ ಮೇಲೆ" ಎನ್ನುತ್ತಿದ್ದಂತೆ ಗೋಡೆ ಸ್ಪರ್ಧೆಯಿಂದ ಹೊರಬಿದ್ದಿತು.

ಒಂದು ಇಡೀ ಕ್ರಿಯೆಯೇ ಕರ್ತೃವಾಗಿದ್ದರೆ ಅದು ಏಕವಚನ. "ರೀಡಿಂಗ್ ಓಲ್ಡ್ ಕ್ವೆಶ್ಚನ್ ಪೇಪರ್ಸ್ ಹೆಲ್ಪ್ಸ್." ಸಹಾಯ ಮಾಡುವುದು ಓದುವ ಕೆಲಸ.

ಹೆಜ್ಜೆ 3: ವಚನವನ್ನು ತೀರ್ಮಾನಿಸಿ

ಕರ್ತೃ ಸಿಕ್ಕಿತು. ಅದು ಒಂದೋ, ಹಲವೋ? ಬಹುತೇಕ ಸಲ ನೋಡಿದೊಡನೆ ಗೊತ್ತಾಗುತ್ತದೆ. ಗೊತ್ತಾಗದ ಕಡೆಗಳನ್ನೇ ಪರೀಕ್ಷೆ ಆರಿಸಿಕೊಳ್ಳುತ್ತದೆ.

"ಆ್ಯಂಡ್" ಸೇರಿಸಿದರೆ ಬಹುವಚನ. ಆದರೆ ಎರಡು ಪದಗಳು ಒಬ್ಬನನ್ನೇ ಅಥವಾ ಒಂದನ್ನೇ ಸೂಚಿಸಿದರೆ ಏಕವಚನ. ಸುಳಿವು ಆರ್ಟಿಕಲ್‌ನಲ್ಲಿದೆ. "ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್ ಇಸ್ ಆ್ಯಬ್ಸೆಂಟ್" ಎಂದರೆ ಎರಡೂ ಹುದ್ದೆಯಲ್ಲಿರುವವರು ಒಬ್ಬರೇ. "ದಿ ಸೆಕ್ರೆಟರಿ ಆ್ಯಂಡ್ ದಿ ಟ್ರೆಷರರ್ ಆರ್ ಆ್ಯಬ್ಸೆಂಟ್" ಎಂದರೆ ಇಬ್ಬರು. ಎರಡನೆಯ "ದಿ" ಇದೆಯೇ ಎಂದು ನೋಡುವುದಕ್ಕೆ ಎರಡು ಸೆಕೆಂಡ್ ಸಾಕು. "ಈಚ್" ಅಥವಾ "ಎವ್ರಿ" ಮುಂದಿದ್ದರೆ "ಆ್ಯಂಡ್" ಇದ್ದರೂ ಏಕವಚನವೇ: "ಎವ್ರಿ ಬಾಯ್ ಆ್ಯಂಡ್ ಗರ್ಲ್ ಹ್ಯಾಸ್ ಎ ಟಿಕೆಟ್".

"ಆರ್", "ಐದರ್–ಆರ್", "ನೈದರ್–ನಾರ್", "ನಾಟ್ ಓನ್ಲಿ–ಬಟ್ ಆಲ್ಸೋ" ಇದ್ದಲ್ಲಿ ಕ್ರಿಯಾಪದಕ್ಕೆ ಹತ್ತಿರವಿರುವ ಕರ್ತೃ ಗೆಲ್ಲುತ್ತದೆ. ಪಕ್ಕದ ಪದವನ್ನು ನಂಬಬೇಡಿ ಎಂದು ಹಿಂದಿನ ಹೆಜ್ಜೆಯಲ್ಲಿ ಹೇಳಿ ಈಗ ಅದನ್ನೇ ನಂಬಿ ಎನ್ನುತ್ತಿದ್ದೇನೆ. ವ್ಯತ್ಯಾಸವಿಷ್ಟೇ: ಇಲ್ಲಿ ಎರಡೂ ನಾಮಪದಗಳು ವಿಭಕ್ತಿಯಿಲ್ಲದ ನಿಜವಾದ ಕರ್ತೃಗಳು.

ಈಚ್, ಎವ್ರಿಬಡಿ, ಸಮ್‌ಒನ್, ನೋಬಡಿ, ಐದರ್, ನೈದರ್: ಏಕವಚನ. "ಮೆನಿ ಎ ಸ್ಟೂಡೆಂಟ್ ಹ್ಯಾಸ್ ಫೇಲ್ಡ್", "ಮೋರ್ ದ್ಯಾನ್ ಒನ್ ಸ್ಟೂಡೆಂಟ್ ವಾಸ್ ಲೇಟ್": ಅರ್ಥದಲ್ಲಿ ಹಲವರು, ವ್ಯಾಕರಣದಲ್ಲಿ ಒಬ್ಬ. ಇವಕ್ಕೆ ತರ್ಕ ಹುಡುಕುತ್ತ ಕೂರಬೇಡಿ, ನೆನಪಿಟ್ಟುಕೊಳ್ಳಿ. "ನನ್ ಆಫ್ ದೆಮ್" ನಂತರ ಎರಡೂ ವಚನಗಳು ಬಹಳ ಕಾಲದಿಂದ ಬಳಕೆಯಲ್ಲಿವೆ; ಅಲ್ಲಿ ದೋಷ ಕಂಡಂತಾದರೆ ಮೊದಲು ಬೇರೆ ತುಂಡುಗಳನ್ನು ನೋಡಿ.

ಇನ್ನು ಪ್ರಮಾಣದ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ವಿಭಕ್ತಿಯ ಉಪಾಯ ಕೈಕೊಡುವುದು ಇಲ್ಲೇ. ಸಮ್, ಮೋಸ್ಟ್, ಆಲ್, ಹಾಫ್, ಎ ಲಾಟ್, ಟು-ಥರ್ಡ್ಸ್, ಶೇಕಡಾ ಲೆಕ್ಕ ಇವು ತಾವಾಗಿ ಒಂದೂ ಅಲ್ಲ, ಹಲವೂ ಅಲ್ಲ. ಆದ್ದರಿಂದ "ಆಫ್" ನಂತರದ ನಾಮಪದವನ್ನೇ ಕೇಳಬೇಕು. "ಹಾಫ್ ಆಫ್ ದಿ ಮಿಲ್ಕ್ ಹ್ಯಾಸ್ ಸ್ಪಿಲ್ಟ್", "ಹಾಫ್ ಆಫ್ ದಿ ಎಗ್ಸ್ ಹ್ಯಾವ್ ಬ್ರೋಕನ್". ಕನ್ನಡದಲ್ಲಿಯೂ "ಹಾಲಿನಲ್ಲಿ ಅರ್ಧ ಚೆಲ್ಲಿದೆ", "ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬಂದಿದ್ದಾರೆ" ಎಂದು ಅರ್ಧದ ಸ್ವಭಾವ ಅದು ಯಾವುದರ ಅರ್ಧ ಎಂಬುದರ ಮೇಲೆ ನಿಲ್ಲುತ್ತದೆ.

ಇದರ ಪಕ್ಕದಲ್ಲೇ "ಎ ನಂಬರ್ ಆಫ್" ಮತ್ತು "ದಿ ನಂಬರ್ ಆಫ್" ಕುಳಿತಿವೆ. "ಎ ನಂಬರ್ ಆಫ್ ಸ್ಟೂಡೆಂಟ್ಸ್" ಎಂದರೆ ಹಲವು ವಿದ್ಯಾರ್ಥಿಗಳು, ಬಹುವಚನ. "ದಿ ನಂಬರ್ ಆಫ್ ಸ್ಟೂಡೆಂಟ್ಸ್" ಎಂದರೆ ವಿದ್ಯಾರ್ಥಿಗಳ ಸಂಖ್ಯೆ, ಏಕವಚನ. ಕನ್ನಡಕ್ಕೆ ತಿರುಗಿಸಿದೊಡನೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಬರಿಯ ಇಂಗ್ಲಿಷಿನಲ್ಲಿ ನೋಡಿದರೆ ಒಂದೇ ತರಹ.

ಹಣ, ದೂರ, ಅವಧಿ ಒಂದೇ ಮೊತ್ತವೆಂದು ಎಣಿಸಿದರೆ ಏಕವಚನ: "ಫೈವ್ ಹಂಡ್ರೆಡ್ ರುಪೀಸ್ ಇಸ್ ಟೂ ಮಚ್", "ಟೆನ್ ಕಿಲೋಮೀಟರ್ಸ್ ಇಸ್ ಎ ಲಾಂಗ್ ವಾಕ್". ಮಾತಿನ ಕನ್ನಡದ "ಐನೂರು ರೂಪಾಯಿ ಇದೆ" ಇಲ್ಲಿ ನಿಮ್ಮ ಪರವಾಗಿಯೇ ಇದೆ.

"ಎಸ್" ಕಂಡರೂ ಏಕವಚನವಾದವು: ನ್ಯೂಸ್, ಮ್ಯಾಥಮ್ಯಾಟಿಕ್ಸ್, ಫಿಸಿಕ್ಸ್, ಮೀಸಲ್ಸ್, ದಿ ಯುನೈಟೆಡ್ ಸ್ಟೇಟ್ಸ್. "ಎಸ್" ಕಾಣದಿದ್ದರೂ ಬಹುವಚನವಾದವು: ಪೀಪಲ್, ಕ್ಯಾಟಲ್, ಪೊಲೀಸ್. ನಮ್ಮಲ್ಲಿ "ಒಬ್ಬ ಪೊಲೀಸ್ ಬಂದಿದ್ದಾನೆ" ಎನ್ನುವುದು ಸಹಜ. ಇಂಗ್ಲಿಷಿನಲ್ಲಿ ಆ ಒಬ್ಬ "ಎ ಪೊಲೀಸ್‌ಮ್ಯಾನ್", ಇಡೀ ಪಡೆ "ದಿ ಪೊಲೀಸ್ ಆರ್". ಕತ್ತರಿ, ಕನ್ನಡಕ, ಪ್ಯಾಂಟ್ ಬಹುವಚನ: "ದಿ ಸಿಸರ್ಸ್ ಆರ್ ಶಾರ್ಪ್", ಮುಂದೆ "ಎ ಪೇರ್ ಆಫ್" ಸೇರಿದರೆ ಏಕವಚನ. ಫರ್ನಿಚರ್, ಇನ್‌ಫರ್ಮೇಷನ್, ಲಗೇಜ್, ಅಡ್ವೈಸ್, ಎಕ್ವಿಪ್‌ಮೆಂಟ್ ಎಷ್ಟೇ ಇದ್ದರೂ ಏಕವಚನ. "ದಿ" ನಂತರ ಬರಿಯ ಗುಣವಾಚಕ ಬಂದು ಒಂದು ವರ್ಗದ ಜನರನ್ನು ಸೂಚಿಸಿದರೆ ಬಹುವಚನ: "ದಿ ರಿಚ್ ಆರ್".

ಟೀಮ್, ಕಮಿಟಿ, ಜ್ಯೂರಿ ಮುಂತಾದ ಸಮೂಹವಾಚಕಗಳ ಬಗ್ಗೆ ವಿದ್ಯಾರ್ಥಿಗಳಿಗೆ ಅನಗತ್ಯ ಭಯವಿದೆ. ಗುಂಪು ಒಂದಾಗಿ ಕೆಲಸ ಮಾಡಿದರೆ ಏಕವಚನ. ಸದಸ್ಯರ ನಡುವೆ ಭೇದ ಕಂಡರೆ ಬಹುವಚನ. "ದಿ ಜ್ಯೂರಿ ವರ್ ಡಿವೈಡೆಡ್ ಇನ್ ದೇರ್ ಒಪೀನಿಯನ್ಸ್" ಎಂಬಲ್ಲಿ "ಡಿವೈಡೆಡ್", "ದೇರ್" ಎರಡೂ ಕೂಗಿ ಹೇಳುತ್ತಿವೆ. ಬ್ರಿಟಿಷ್ ಬಳಕೆ ಬಹುವಚನದ ಕಡೆಗೆ ಧಾರಾಳಿ, ಅಮೆರಿಕದ್ದು ಏಕವಚನಕ್ಕೇ ಅಂಟಿಕೊಳ್ಳುತ್ತದೆ. ಕ್ರಿಕೆಟ್ ವರದಿಯಲ್ಲಿ "ಇಂಡಿಯಾ ಆರ್" ಎಂದು ಓದಿ ಅದನ್ನು ಮುದ್ರಣದೋಷ ಎಂದುಕೊಳ್ಳಬೇಡಿ. ಅಲ್ಲಿ ಇಂಡಿಯಾ ಎಂದರೆ ಹನ್ನೊಂದು ಆಟಗಾರರು. ದೇಶ ಎಂಬ ಅರ್ಥದಲ್ಲಿ "ಇಂಡಿಯಾ ಇಸ್".

ಹೆಜ್ಜೆ 4: "ಹೂ", "ವಿಚ್", "ದಟ್" ಕಂಡರೆ ಹಿಂತಿರುಗಿ ನೋಡಿ

ಈ ಪದಗಳಿಗೆ ತಮ್ಮದೇ ವಚನವಿಲ್ಲ. ಯಾರ ಬದಲಿಗೆ ಬಂದಿವೆಯೋ ಅವರ ವಚನ, ಅವರ ಪುರುಷ. "ಇಟ್ ಇಸ್ ಐ ಹೂ ಆ್ಯಮ್ ರೆಸ್ಪಾನ್ಸಿಬಲ್" ಕಿವಿಗೆ ವಿಚಿತ್ರವಾಗಿ ಕೇಳಿದರೂ ಸರಿ. "ಹೊಣೆಗಾರನಾಗಿರುವವನು ನಾನು" ಎಂದು ಕನ್ನಡ ಇಲ್ಲಿ ಬೇರೆಯೇ ದಾರಿ ಹಿಡಿಯುವುದರಿಂದ ನಮ್ಮ ಕಿವಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಚೆನ್ನಾಗಿ ಓದಿದವರನ್ನೂ ಬೀಳಿಸುವ ಜೋಡಿ ಇದು. "ಒನ್ ಆಫ್ ದಿ ಬಾಯ್ಸ್ ಇಸ್ ಆ್ಯಬ್ಸೆಂಟ್": ಹುಡುಗರಲ್ಲಿ ಒಬ್ಬ, ಏಕವಚನ. "ಹಿ ಇಸ್ ಒನ್ ಆಫ್ ದಿ ಬಾಯ್ಸ್ ಹೂ ಪ್ಲೇ ಚೆಸ್": ಚೆಸ್ ಆಡುವ ಹುಡುಗರು ಹಲವರಿದ್ದಾರೆ, ಅವರಲ್ಲಿ ಇವನೊಬ್ಬ. "ಹೂ" ಬಂದಿರುವುದು "ಬಾಯ್ಸ್" ಬದಲಿಗೆ, ಆದ್ದರಿಂದ "ಪ್ಲೇ". ಇದೇ ವಾಕ್ಯಕ್ಕೆ "ದಿ ಓನ್ಲಿ" ಸೇರಿಸಿ: "ಹಿ ಇಸ್ ದಿ ಓನ್ಲಿ ಒನ್ ಆಫ್ ದಿ ಬಾಯ್ಸ್ ಹೂ ಪ್ಲೇಸ್ ಚೆಸ್". ಈಗ ಆಡುವವನು ಇವನೊಬ್ಬನೇ, "ಪ್ಲೇಸ್". ನಿತ್ಯದ ಇಂಗ್ಲಿಷಿನಲ್ಲಿ ಒಳ್ಳೆಯ ಬರಹಗಾರರೂ ಮೊದಲ ವಾಕ್ಯದಲ್ಲಿ ಏಕವಚನ ಬಳಸುವುದುಂಟು. ಪರೀಕ್ಷೆಯಲ್ಲಿ ಕಟ್ಟುನಿಟ್ಟಿನ ನಿಯಮವೇ ಉತ್ತರ.

ಹೆಜ್ಜೆ 5: ಹೊಂದಾಣಿಕೆ ಮುರಿಯಬೇಕಾದ ಜಾಗಗಳು

"ಐ ವಿಶ್ ಐ ವರ್ ಎ ಬರ್ಡ್", "ಇಫ್ ಹಿ ವರ್ ಹಿಯರ್": ನಿಜವಲ್ಲದ ಕಲ್ಪನೆಗೆ ಎಲ್ಲ ಕರ್ತೃಗಳಿಗೂ "ವರ್". ಸಜೆಸ್ಟ್, ರೆಕಮೆಂಡ್, ಡಿಮ್ಯಾಂಡ್, ಇನ್ಸಿಸ್ಟ್ ಎಂಬ ಕ್ರಿಯಾಪದಗಳ ನಂತರ "ದಟ್" ಬಂದು, ಹೀಗೆ ಆಗಬೇಕು ಎಂಬ ಅರ್ಥವಿದ್ದರೆ ಕ್ರಿಯಾಪದಕ್ಕೆ "ಎಸ್" ಇಲ್ಲ: "ದಿ ಡಾಕ್ಟರ್ ಸಜೆಸ್ಟೆಡ್ ದಟ್ ಶಿ ಟೇಕ್ ರೆಸ್ಟ್". "ನೀಡ್ ನಾಟ್" ಕೂಡ ಹಾಗೆಯೇ: "ಹಿ ನೀಡ್ ನಾಟ್ ಕಮ್". ಹೊಂದಾಣಿಕೆಯನ್ನು ಈಗಷ್ಟೇ ಕಲಿತವರು ಹುಮ್ಮಸ್ಸಿನಲ್ಲಿ ಇಲ್ಲೆಲ್ಲ "ಎಸ್" ಹಚ್ಚಿ ಸರಿಯಾದುದನ್ನು ತಪ್ಪು ಮಾಡುತ್ತಾರೆ.

ಅಭ್ಯಾಸ

ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಉತ್ತರ ಬರೆಯುವುದಕ್ಕೆ ಮೊದಲು ಪ್ರತಿ ವಾಕ್ಯದಲ್ಲೂ ಕ್ರಿಯಾಪದಕ್ಕೆ ಸುತ್ತು, ಕರ್ತೃವಿಗೆ ಅಡಿಗೆರೆ ಹಾಕಿ. ಕೆಲವು ದಿನ ನಿಧಾನವಾಗುತ್ತದೆ. ಆಮೇಲೆ ಪೆನ್ಸಿಲ್ ಬೇಕಾಗುವುದಿಲ್ಲ. ಕೆಳಗಿನವನ್ನು ಉತ್ತರ ಮುಚ್ಚಿಕೊಂಡು ಪ್ರಯತ್ನಿಸಿ. ತುಂಡುಗಳ ನಡುವೆ ಓರೆಗೆರೆ ಇದೆ.

"ದಿ ಹೆಡ್‌ಮಾಸ್ಟರ್ / ಅಲಾಂಗ್ ವಿತ್ ಟು ಟೀಚರ್ಸ್ / ಆರ್ ವೇಟಿಂಗ್ / ಅಟ್ ದಿ ಗೇಟ್." ಇಬ್ಬರು ಶಿಕ್ಷಕರೊಂದಿಗೆ ಮುಖ್ಯೋಪಾಧ್ಯಾಯರು. "ಒಂದಿಗೆ" ಬಂದವರನ್ನು ಬಿಡಿ, ಗೌರವ ಬಹುವಚನವನ್ನೂ ಬಿಡಿ. ಮೂರನೆಯ ತುಂಡಿನಲ್ಲಿ "ಇಸ್" ಬೇಕು.

"ನೈದರ್ ದಿ ಡ್ರೈವರ್ ನಾರ್ ದಿ ಪ್ಯಾಸೆಂಜರ್ಸ್ ______ ಹರ್ಟ್." ಹತ್ತಿರವಿರುವುದು ಪ್ಯಾಸೆಂಜರ್ಸ್, ಉತ್ತರ "ವರ್". ಇಬ್ಬರನ್ನೂ ಅದಲುಬದಲು ಮಾಡಿದರೆ "ವಾಸ್".

"ದಿ ನಂಬರ್ ಆಫ್ ಆ್ಯಕ್ಸಿಡೆಂಟ್ಸ್ / ಆನ್ ದಿಸ್ ಹೈವೇ / ಹ್ಯಾವ್ ಕಮ್ ಡೌನ್ / ದಿಸ್ ಇಯರ್." ಅಪಘಾತಗಳ ಸಂಖ್ಯೆ ಇಳಿದಿದೆ. ಮೂರನೆಯ ತುಂಡು, "ಹ್ಯಾಸ್".

"ಶಿ ಇಸ್ ಒನ್ ಆಫ್ ದೋಸ್ ಡಾಕ್ಟರ್ಸ್ / ಹೂ ವಿಸಿಟ್ಸ್ / ವಿಲೇಜಸ್ / ಎವ್ರಿ ಸಂಡೇ." "ದೋಸ್" ಇದ್ದರೆ ಇನ್ನೂ ಸುಲಭ: ಹಳ್ಳಿಗಳಿಗೆ ಹೋಗುವ ವೈದ್ಯರು ಹಲವರು. ಎರಡನೆಯ ತುಂಡು, "ವಿಸಿಟ್".

"ದಿ ಮೆಂಬರ್ಸ್ ಡಿಮ್ಯಾಂಡೆಡ್ / ದಟ್ ದಿ ಸೆಕ್ರೆಟರಿ / ರಿಸೈನ್ಸ್ / ಅಟ್ ಒನ್ಸ್." ಸೆಕ್ರೆಟರಿ ಏಕವಚನ, "ರಿಸೈನ್ಸ್" ಸರಿಯಾಗಿಯೇ ಕಾಣುತ್ತದೆ. "ಡಿಮ್ಯಾಂಡೆಡ್ ದಟ್" ಇರುವುದರಿಂದ "ರಿಸೈನ್". ದೋಷ ಮೂರನೆಯ ತುಂಡಿನಲ್ಲಿ.

"ಬ್ರೆಡ್ ಆ್ಯಂಡ್ ಬಟರ್ / ಇಸ್ ಆಲ್ / ದಟ್ ದಿ ಚೈಲ್ಡ್ ವಾಂಟ್ಸ್ / ಫಾರ್ ಬ್ರೇಕ್‌ಫಾಸ್ಟ್." ಬೆಣ್ಣೆ ಹಚ್ಚಿದ ಬ್ರೆಡ್ ಒಂದೇ ತಿನಿಸು, ಆದ್ದರಿಂದ "ಇಸ್" ಸರಿ, "ಚೈಲ್ಡ್" ಏಕವಚನ, "ವಾಂಟ್ಸ್" ಸರಿ. "ದೋಷವಿಲ್ಲ" ಎಂಬ ಆಯ್ಕೆಯನ್ನು ಆರಿಸಲು ಅಂಜಬೇಡಿ. ಎಲ್ಲ ಕ್ರಿಯಾಪದಗಳಿಗೂ ಕರ್ತೃ ಹುಡುಕಿ ತಾಳೆ ನೋಡಿದ ಮೇಲೆ ಅದು ಊಹೆಯಲ್ಲ.